ಒಂದು ಕೂಗಿನ ಅಳತೆ

ಆ ದಿನ ಕೋರ್ಟಿನಲ್ಲಿ ಮಾದಮ್ಮ ನಕ್ಕರೋ ಇಲ್ಲವೋ, ನನಗೆ ಖಾತ್ರಿಯಿಲ್ಲ. ನಕ್ಕರು ಎಂದು ಆರು ವರ್ಷಗಳಿಂದ ವೇದಿಕೆಯ ಮೇಲೆ ಹೇಳುತ್ತ ಬಂದಿದ್ದೇನೆ. ಕೊಯಮತ್ತೂರು, ಮೈಸೂರು, ಬೆಂಗಳೂರು, ಹೋದಲ್ಲೆಲ್ಲ. ಎಷ್ಟು ಸಲ ಹೇಳಿದ್ದೇನೆಂದರೆ ಈಗ ಅವರ ಎಲೆಯಡಿಕೆಯ ಹಲ್ಲು ಕೂಡ ಕಣ್ಣಿಗೆ ಕಟ್ಟುತ್ತದೆ. ಆದರೆ ಕಣ್ಣಿಗೆ ಕಟ್ಟಿದ್ದೆಲ್ಲ ಕಣ್ಣು ಕಂಡದ್ದಲ್ಲ ಎಂದು ತತ್ವಶಾಸ್ತ್ರದ ಎಂ.ಎ.ಯಲ್ಲಿ ಎರಡು ವರ್ಷ ಓದಿ, ಅದು ಸಾಲದೆಂದು ಕಾನೂನು ಕಾಲೇಜಿನಲ್ಲಿ ಇನ್ನೂ ಮೂರು ವರ್ಷ ಓದಿದವನು ನಾನು. ನಮ್ಮ ಹಳೆಯ ತರ್ಕಶಾಸ್ತ್ರದ ನೈಯಾಯಿಕರು ನೆನಪನ್ನು ಪ್ರಮಾಣಗಳ ಪಟ್ಟಿಗೇ ಸೇರಿಸಲಿಲ್ಲ. ಕಂಡದ್ದು ಸೇರುತ್ತದೆ, ಊಹಿಸಿದ್ದು ಸೇರುತ್ತದೆ, ನಂಬಿಕಸ್ತರು ಹೇಳಿದ್ದೂ ಸೇರುತ್ತದೆ; ನೆನಪು ಮಾತ್ರ ಹೊಸ್ತಿಲಾಚೆ. ಕೋರ್ಟು ಮಾತ್ರ ಪಾಪ, ನೆನಪನ್ನೇ ನಂಬಿ ಬಾಗಿಲು ತೆರೆಯುತ್ತದೆ. ನಗೆಗಾರನ ಕಸುಬೂ ನೆನಪಿನದೇ. ಅವನಿಗಿರುವ ಒಂದೇ ಅನುಕೂಲವೆಂದರೆ ಪಾಟೀಸವಾಲು ಇರುವುದಿಲ್ಲ.

ವಕೀಲಿಕೆ ಬಿಟ್ಟು ಊರೂರು ತಿರುಗಿ ಜನರನ್ನು ನಗಿಸುತ್ತೇನೆ ಎಂದಾಗ ಅಮ್ಮ ಊಟಿಯ ನಮ್ಮ ತರಕಾರಿ ಮಂಡಿಯಲ್ಲಿ ಕ್ಯಾರೆಟ್ ಮೂಟೆ ಹೊಲಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಕಪ್ಪು ಕೋಟು ಹಾಕ್ಕೊಂಡು ಹೇಳಿದ್ರೆ ವಾದ, ಟೀ ಶರ್ಟು ಹಾಕ್ಕೊಂಡು ಹೇಳಿದ್ರೆ ಕೋತಿಚೇಷ್ಟೆ. ನೀನು ಮಾಡೋದು ಒಂದೇ ಕಣೋ." ಇದನ್ನೂ ವೇದಿಕೆಯಲ್ಲಿ ಹೇಳುತ್ತೇನೆ. ಅಮ್ಮ ತಾನು ಹಾಗೆಂದೇ ಇಲ್ಲ ಎನ್ನುತ್ತಾಳೆ.

ಮಾದಮ್ಮ ಮಸಿನಗುಡಿ ಪಕ್ಕದ ಮಾವನಲ್ಲ ಎಂಬ ಊರಿನವರು. ಅವರ ಗಂಡ ಕಾಡ್ಗಿಚ್ಚು ಹರಡದಂತೆ ಬೆಂಕಿಗೆರೆ ಕಡಿಯುವ ಕೂಲಿ. ಕೆಲಸವಿಲ್ಲದ ಒಂದು ದಿನ ಪಕ್ಕದವರ ಹಸು ಮೇಯಿಸಲು ಮನೆ ಹತ್ತಿರದ ಹಳ್ಳದ ಈಚೆ ದಡಕ್ಕೆ ಹೋಗಿದ್ದವರನ್ನು ಆನೆ ಕೊಂದಿತು. ಹೆಣ ಸಿಕ್ಕಿದ್ದು ಆಚೆ ದಡದಲ್ಲಿ, ಮೀಸಲು ಕಾಡಿನೊಳಗೆ. ಅಪ್ಪಣೆಯಿಲ್ಲದೆ ಕಾಡಿಗೆ ನುಗ್ಗಿದವನೆಂದು ಅರಣ್ಯ ಇಲಾಖೆಯವರು ವರದಿ ಬರೆದಾಯಿತು. ಆನೆ ಎಳೆದುಕೊಂಡು ಹೋಗಿರಬಹುದೆಂದು ಯಾರೂ ಬರೆಯಲಿಲ್ಲ. "ಕದ್ದು ಹೋದೋನು ಅಂತ ಬರೆದವ್ರೆ. ಅದು ಅಳಿಸಬೇಕು, ವಕೀಲ್ರೇ" ಎಂದು ಮಾದಮ್ಮ ನನ್ನ ಬಳಿ ಬಂದರು. ಅವರಿಗೆ ಬೇಕಾಗಿದ್ದದ್ದು ಅಷ್ಟೇ.

ಅವರ ಸಾಕ್ಷ್ಯ ಸರಳವಾಗಿತ್ತು. ಮನೆ ಬಾಗಿಲಲ್ಲಿ ನಿಂತು ಊಟಕ್ಕೆ ಕೂಗಿದೆ, ಈಚೆ ದಡದಿಂದ ಓಗೊಟ್ಟರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿದೆ, ಓಗೊಡಲಿಲ್ಲ.

"ಹಳ್ಳ ಮನೆಯಿಂದ ಎಷ್ಟು ಮೀಟರ್?" ಎಂದರು ಎದುರಿನ ವಕೀಲರು.

"ಕೂಗಳತೆ."

"ಕೂಗಳತೆ ಅಂದ್ರೆ ಎಷ್ಟಮ್ಮಾ?"

ಆಗ ಮಾದಮ್ಮ ಕಟಕಟೆಯಲ್ಲಿ ನಿಂತು ಕೂಗಿಯೇ ತೋರಿಸಿದರು: "ಓಯ್, ಉಣ್ಣಾಕೆ ಬಾ!"

ಊಟದ ಬಿಡುವಿಗೆ ಎರಡೇ ನಿಮಿಷವಿತ್ತು. ಗುಮಾಸ್ತರು ಕಡತ ಮುಚ್ಚಿದರು, ವಕೀಲರ ಕೈ ಟಿಫಿನ್ ಡಬ್ಬಿಯ ಕಡೆ ಹೋಯಿತು, ಎಲ್ಲರೂ ನಕ್ಕರು, ಮಾದಮ್ಮನೂ ನಕ್ಕರು. ಇದು ನಾನು ವೇದಿಕೆಯಲ್ಲಿ ಹೇಳುವ ಪಾಠ. ಮಾದಮ್ಮನೂ ನಕ್ಕರು ಎಂಬ ಕೊನೆಯ ಮಾತೇ ಸಭೆಗೆ ನಗಲು ಪರವಾನಗಿ. ಒಮ್ಮೆ ಮೈಸೂರಿನಲ್ಲಿ ಅದನ್ನು ಮರೆತೆ. ಸಭೆಯ ನಗು ಅರ್ಧಕ್ಕೇ ನಿಂತುಹೋಯಿತು.

ಅನುಮಾನ ಹೆಚ್ಚಾಗಿ ಸಾಕ್ಷ್ಯದ ನಕಲು ತೆಗೆಸಿದೆ. ಅದರಲ್ಲಿ ಊಟದ ಬಿಡುವಿಲ್ಲ, ನಗುವಿಲ್ಲ. ಸಾಕ್ಷ್ಯ ಬರೆದುಕೊಳ್ಳುವ ಪದ್ಧತಿಯೇ ಹಾಗೆ: ಪ್ರಶ್ನೆಗಳನ್ನು ಬಿಟ್ಟು ಉತ್ತರಗಳನ್ನು ಮಾತ್ರ ಒಂದಕ್ಕೊಂದು ಹೆಣೆಯುತ್ತಾರೆ. "ನಾನು ಕೂಗಿ ತೋರಿಸಿದೆ" ಎಂದಿದೆ. ಕೂಗಿ ತೋರಿಸಿ ಎಂದವರು ಯಾರೆಂದು ಇಲ್ಲ. ಅದು ನಾನೇ ಇರಬಹುದೆಂಬ ಭಯ ನನಗಿದೆ.

ವೇದಿಕೆಯಲ್ಲಿ ಹೇಳದ ಒಂದು ಸಂಗತಿಯುಂಟು. ಇಂಥ ಕಡೆ ವಕೀಲ ಮಾಡಬೇಕಾದ್ದು ಒಂದೇ: ಜಾಗಕ್ಕೆ ಕೋರ್ಟಿನ ಪರವಾಗಿ ಒಬ್ಬ ಕಮಿಷನರನ್ನು ಕಳಿಸಿ, ಅಳೆಸಿ, ವರದಿ ತರಿಸಿ ಎಂದು ಅರ್ಜಿ ಹಾಕುವುದು. ಅರ್ಜಿ ಟೈಪು ಮಾಡಿಸಿದ್ದೆ. ಸಹಿ ಹಾಕಿ ಕೊಡಬೇಕಾದ ಶುಕ್ರವಾರ ಕೊಯಮತ್ತೂರಿನಲ್ಲಿ ನನ್ನ ಮೊಟ್ಟಮೊದಲ ಐದು ನಿಮಿಷದ ಪ್ರದರ್ಶನವಿತ್ತು. ಬೆಳಗಿನ ಬಸ್ಸು ಹತ್ತಿದೆ. ಅಲ್ಲಿ ಹೇಳಿದ್ದೂ ಇದೇ ಕೂಗಿನ ಕತೆ. ಆಮೇಲೆ ಕಡತವನ್ನು ಇನ್ನೊಬ್ಬರಿಗೆ ದಾಟಿಸಿದೆ. ಹಳ್ಳದ ಸದ್ದಿನಲ್ಲಿ ಮನೆಯ ಕೂಗು ಕೇಳಿಸಿತೆನ್ನಲು ಆಧಾರವಿಲ್ಲವೆಂದು ಕೇಸು ವಜಾ ಆಯಿತು.

ಕಳೆದ ಮಳೆಗಾಲ ಮಸಿನಗುಡಿಯ ಒಂದು ರೆಸಾರ್ಟಿನಲ್ಲಿ, ಯಾವುದೋ ಕಂಪನಿಯವರಿಗೆ ಮಧ್ಯಾಹ್ನದ ಊಟಕ್ಕೆ ಮುಂಚೆ ನನ್ನ ಪ್ರದರ್ಶನ. ಕೂಗಿದೆ, ನಕ್ಕರು. ಕೈ ತೊಳೆಯಲು ಹಿಂದಕ್ಕೆ ಹೋದರೆ ಪಾತ್ರೆಗಳ ರಾಶಿಯ ಮುಂದೆ ಮಾದಮ್ಮ.

"ಚೆನ್ನಾಗಿದೀರಾ, ವಕೀಲ್ರೇ?"

"ಈಗ ವಕೀಲ ಅಲ್ಲ, ಮಾದಮ್ಮ."

"ಗೊತ್ತು ಬಿಡಿ. ಆಗಲೂ ಅಷ್ಟಕ್ಕಷ್ಟೇ." ತಟ್ಟೆಯೊಂದನ್ನು ಬೋರಲು ಹಾಕಿದರು. "ನಾನು ಹಂಗಾ ಕೂಗಿದ್ದು? ನಿಮ್ದು ಕೋಳಿಮರಿ ಹದ್ದು ಕಂಡಂಗಿತ್ತು. ಅಷ್ಟು ಸಣ್ಣಗೆ ಕೂಗಿದ್ರೆ ಹಳ್ಳಕ್ಕೆ ಎಲ್ಲಿ ಕೇಳುತ್ತೆ?"

ನಾನು ನಾಚಿಕೆಯಿಲ್ಲದೆ ಕೇಳಿದೆ: "ಅವತ್ತು ನೀವೂ ನಕ್ರಿ, ಅಲ್ವಾ?"

"ನನಗೇನು ನೆನಪು? ನೀವೆಲ್ಲ ನಗ್ತಿದ್ರಿ. ನಾನು ನಿಮ್ಮನ್ನೇ ನೋಡ್ತಾ ನಿಂತಿದ್ದೆ, ಏನಾದ್ರೂ ಹೇಳ್ತೀರೇನೋ ಅಂತ."

ಮಾರನೆಯ ಬೆಳಿಗ್ಗೆ ಮಾವನಲ್ಲಕ್ಕೆ, ಮಾದಮ್ಮನ ಮನೆಗೆ ಹೋದೆ. ಯಾರೂ ನೇಮಿಸದ ಕಮಿಷನರ್. ಮೇಲ್ಮನವಿಯ ಗಡುವು ಕಳೆದು ವರ್ಷಗಳಾಗಿವೆ. ನಾನು ಏನು ಅಳೆದರೂ ವರದಿಯ ಒಂದಕ್ಷರ ಅಳಿಸುವುದಿಲ್ಲವೆಂದು ಮಾದಮ್ಮನಿಗೆ ಬಿಡಿಸಿ ಹೇಳಿದೆ. "ಸರಿ, ದಡಕ್ಕೆ ಹೋಗಿ ನಿಂತ್ಕೊಳ್ಳಿ, ನಾನು ಕೂಗ್ತೀನಿ" ಎಂದರು. "ಪೊದೆ ಪಕ್ಕ ಹೋಗ್ಬೇಡಿ, ಇನ್ನೊಂದು ಕೇಸಾಗುತ್ತೆ. ಅದನ್ನೂ ಸೋಲ್ತೀರಿ."

ಅಂದು ಕೂಗಲು ಹೇಳಿದವರು ಯಾರು, ಊಟದ ಹೊತ್ತಾಗಿತ್ತೇ, ಅವರು ನಕ್ಕರೇ, ಇದ್ಯಾವುದನ್ನೂ ನಾನಿನ್ನು ಪ್ರಮಾಣ ಮಾಡಿ ಹೇಳಲಾರೆ. ಒಂದನ್ನು ಮಾತ್ರ ನೋಡಿ ಬಂದಿದ್ದೇನೆ. ನಾನು ಹೋದದ್ದು ಅವರ ಗಂಡ ಸತ್ತ ಅದೇ ತಿಂಗಳಲ್ಲಿ; ಹಳ್ಳ ದಡ ತುಂಬಿ ಹರಿಯುತ್ತಿತ್ತು, ಮಳೆಯೂ ಇತ್ತು. ಅವರ ಬಾಗಿಲಿನಿಂದ ಈಚೆ ದಡಕ್ಕೆ ಮುನ್ನೂರ ಹತ್ತು ಹೆಜ್ಜೆ. ಕೂಗು ಕೇಳಿಸುತ್ತದೆ, ಅಕ್ಷರ ಅಕ್ಷರವೂ.