ಗಾಳ, ಸಮುದ್ರ ಮತ್ತು ನನ್ನ ಹೊಟ್ಟೆ

ಸಮುದ್ರವನ್ನು ನಾನು ಮೊದಲ ಬಾರಿ ಬಹಳ ಹತ್ತಿರದಿಂದ ನೋಡಿದ್ದು ಬಾಯಿ ತೆರೆದುಕೊಂಡು. ಬೆರಗಿನಿಂದ ಎಂದು ನೀವು ಭಾವಿಸಿದರೆ ಅದು ನಿಮ್ಮ ಒಳ್ಳೆಯತನ. ದೋಣಿಯ ಅಂಚಿಗೆ ಎದೆ ಊರಿ, ನೀರಿಗೂ ಮುಖಕ್ಕೂ ಒಂದೂವರೆ ಅಡಿ ಅಂತರ ಉಳಿಸಿಕೊಂಡು, ಬೆಳಿಗ್ಗೆ ತಿಂದ ಮೂರು ಬನ್ಸು ಮತ್ತು ಒಂದು ಲೋಟ ಕಾಫಿಯನ್ನು ಅರಬ್ಬೀ ಸಮುದ್ರಕ್ಕೆ ಒಪ್ಪಿಸುತ್ತಿದ್ದೆ. ಸಂಗತಿಗಳನ್ನು ನಿಖರವಾಗಿ ಬರೆಯುವುದು ಮೂವತ್ತು ವರ್ಷದ ಅಭ್ಯಾಸವಾದ್ದರಿಂದ ಬನ್ಸಿನ ಸಂಖ್ಯೆಯನ್ನೂ ಹೇಳುತ್ತಿದ್ದೇನೆ.

ಇದು ನಡೆದು ಇಪ್ಪತ್ತೊಂದು ವರ್ಷವಾಯಿತು. ಆಗ ನಾನು ಒಂದು ಪತ್ರಿಕೆಯ ಸಂಪಾದಕೀಯ ವಿಭಾಗದಲ್ಲಿದ್ದೆ. ಬೇರೆಯವರು ಬರೆದುಕೊಟ್ಟದ್ದನ್ನು ತಿದ್ದುವುದು ನನ್ನ ಕೆಲಸ. ಅದೇ ಪತ್ರಿಕೆಯ ಮುದ್ರಣ ವಿಭಾಗದಲ್ಲಿ ಮುನಿರಾಜಣ್ಣ ಇದ್ದರು. ನನಗಿಂತ ಎಂಟು ವರ್ಷ ದೊಡ್ಡವರು, ಬಾಗಲೂರಿನ ಹಳೆಯ ಮನೆತನದವರು. ಇಬ್ಬರಿಗೂ ವಾರದ ರಜೆ ಮಂಗಳವಾರ. ಊರಿಗೆಲ್ಲ ಕೆಲಸವಿರುವ ದಿನ ನಮಗೆ ಬಿಡುವು. ಮಾತಾಡಲು ಬೇರೆ ಯಾರೂ ಸಿಗದೆ ನಾವಿಬ್ಬರೂ ಸ್ನೇಹಿತರಾದೆವು ಅನ್ನಬೇಕು.

ಮಂಗಳವಾರ ಬೆಳಿಗ್ಗೆ ನಾನು ಬೆಂಗಳೂರಿನ ಗಂಗಾನಗರದ ಮನೆಯಿಂದ ಹೊರಟು, ಹೆಬ್ಬಾಳ ದಾಟಿ, ಯಲಹಂಕದಲ್ಲಿ ಬಸ್ಸು ಬದಲಿಸಿ ಅವರ ಊರಿಗೆ ಹೋಗುತ್ತಿದ್ದೆ. ಊರಾಚೆ ಒಂದು ಕೆರೆ. ಬಿದಿರು ಕಡ್ಡಿ, ತಂಗೂಸಿ ದಾರ, ನವಿಲುಗರಿಯ ದಂಟಿನಿಂದ ಮಾಡಿದ ಬೆಂಡು, ತೆಂಗಿನ ಚಿಪ್ಪಿನಲ್ಲಿ ಎರೆಹುಳು. ಏರಿಯ ಮೇಲೆ ಕೂತರೆ ಆಗಿನ್ನೂ ದ್ರಾಕ್ಷಿ ತೋಟಗಳು ಕಾಣುತ್ತಿದ್ದವು. ಕೆರೆಯಲ್ಲಿ ಗಾಳ ಹಾಕುವವನ ಕಸುಬೆಲ್ಲ ಕಣ್ಣಿನದು. ನೀರಿನ ಮೇಲೆ ನಿಂತ ಬೆಂಡನ್ನು ಎವೆ ಮುಚ್ಚದೆ ನೋಡಬೇಕು. ಅದು ಒಂದು ಸಲ ತಲೆ ಅಲ್ಲಾಡಿಸಿದರೆ ಮೀನು ಮೂಸಿದೆ ಎಂದರ್ಥ, ಮುಳುಗಿದರೆ ಎಳೆಯಬೇಕು. ಮುನಿರಾಜಣ್ಣ ಒಂದು ಗಂಟೆ ಬೇಕಾದರೂ ಹಾಗೆ ನೋಡಬಲ್ಲವರು. ನಾನು ಹತ್ತು ನಿಮಿಷಕ್ಕೆ ಬೇರೆ ಯೋಚನೆಗೆ ಬೀಳುತ್ತಿದ್ದೆ. 'ಸಾರ್, ನಿಮ್ ಬೆಂಡು ಆಗ್ಲೇ ಮುಳುಗಿ ಎದ್ದು ಸ್ನಾನ ಮುಗಿಸ್ತು' ಎನ್ನುತ್ತಿದ್ದರು.

ಆ ಕೆರೆಗೆ ಈಗ ಸುತ್ತ ತಂತಿ ಬೇಲಿ, ನಡೆಯುವವರಿಗೆ ಹಾಸುಗಲ್ಲಿನ ದಾರಿ. ಗಾಳ ಹಾಕುವಂತಿಲ್ಲ. ದೂರುವುದಕ್ಕಲ್ಲ ಹೇಳುತ್ತಿರುವುದು, ನೀರು ಮೊದಲಿಗಿಂತ ಚೊಕ್ಕಟವಾಗಿದೆ, ನಾನೇ ಅಲ್ಲಿ ನಡೆದಿದ್ದೇನೆ. ಆದರೆ ಕೆರೆಯನ್ನು ಸುತ್ತುವುದಕ್ಕೂ ಕೆರೆಯ ಎದುರು ಕೂರುವುದಕ್ಕೂ ವ್ಯತ್ಯಾಸವಿದೆ.

ಕೆರೆಯ ಮೀನು ಹಿಡಿದವನಿಗೆ ಕಡಲಿನ ಆಸೆ ಹುಟ್ಟುವುದು ಸಹಜ. 'ಒಂದ್ಕಿತ ಸಮುದ್ರದಾಗೆ ಗಾಳ ಆಕ್ಬೇಕು ಸಾರ್' ಎಂದು ಮುನಿರಾಜಣ್ಣ ಹೇಳುತ್ತಲೇ ಇದ್ದರು. ಹಾಗೆ ಮಲ್ಪೆಗೆ ಹೋಗಿ, ಒಂದು ಸಣ್ಣ ದೋಣಿ ಹಿಡಿದು ಹೊರಟ ದಿನದ್ದೇ ಮೇಲೆ ಹೇಳಿದ ದೃಶ್ಯ. ದೋಣಿಯಲ್ಲಿದ್ದವರು ನಾವಿಬ್ಬರು ಮತ್ತು ದೋಣಿಯವನು. ಲಂಗರು ಹಾಕಿದ ಮೇಲೆ ನಾನು ವೃತ್ತಿಧರ್ಮಕ್ಕೆ ಕಟ್ಟುಬಿದ್ದು ನೋಟ್‌ಬುಕ್ ತೆಗೆದೆ. ಗಾಳಿ ಯಾವ ಕಡೆಯಿಂದ, ನೀರಿನ ಬಣ್ಣ ಏನು ಎಂದು ಬರೆಯುತ್ತ ಎರಡನೆಯ ಪುಟಕ್ಕೆ ಬಂದಿರಬೇಕು. ಕಿವಿಯ ಹಿಂದೆ ತಣ್ಣಗೆ ಬೆವರಿತು. ಆಮೇಲೆ ಬರೆದದ್ದು ಏನೂ ಇಲ್ಲ. ನನ್ನ ಬೆನ್ನ ಹಿಂದೆ ಮುನಿರಾಜಣ್ಣ 'ತಿರುಗ್ಸಪ್ಪಾ, ಪಾಪ ಸಾರ್‌ಗೆ ಆಗ್ತಿಲ್ಲ' ಎಂದದ್ದು ಮಾತ್ರ ಕೇಳಿಸಿತು. ಅವರು ಇನ್ನೂ ಗಾಳಕ್ಕೆ ಸಿಗಡಿ ಚುಚ್ಚಿಯೂ ಇರಲಿಲ್ಲ.

ಮರುದಿನ ಆಫೀಸಿನ ಕ್ಯಾಂಟೀನಿನಲ್ಲಿ ಯಾರೋ 'ಏನ್ ಹಿಡಿದ್ರಿ?' ಎಂದು ಕೇಳಿದಾಗ ಅವರು 'ಗಾಳಿ ಸರಿ ಇರ್ಲಿಲ್ಲ' ಎಂದಷ್ಟೇ ಹೇಳಿ ಟೀ ಕುಡಿದರು. ನನ್ನ ಹೆಸರು ಎತ್ತಲಿಲ್ಲ. ಅವತ್ತಿನಿಂದ ನಿವೃತ್ತಿಯವರೆಗೆ, ಆಮೇಲೂ, ಒಂದೇ ಒಂದು ಸಲ ಎತ್ತಲಿಲ್ಲ. ಬೈದಿದ್ದರೆ ಮರೆಯುತ್ತಿದ್ದೆನೇನೋ. ಸುಮ್ಮನಿದ್ದುಬಿಟ್ಟವರ ಉಪಕಾರವನ್ನು ಮರೆಯಲು ಆಗುವುದಿಲ್ಲ.

ಕಳೆದ ವರ್ಷ ಅವರ ಫೋನ್ ಬಂತು. ಮಂಡಿ ಚಿಪ್ಪು ಬದಲಿಸಬೇಕಂತೆ, ಡಾಕ್ಟರು ದಿನ ಕೊಟ್ಟಿದ್ದಾರಂತೆ. 'ಆಮ್ಯಾಕೆ ದೋಣಿ ಗೀಣಿ ಅತ್ತೋಕೆ ಮಗಳು ಬಿಡಕ್ಕಿಲ್ಲ ಸಾರ್. ಅದಕ್ ಮುಂಚೆ ಒಂದ್ಕಿತ ಓಗ್ಬರೋಣ್ವಾ?' ನಾನು ಹೂಂ ಎಂದೆ. ಈ ಸಲವೂ ನನ್ನಿಂದ ದೋಣಿ ತಿರುಗಿದರೆ ಅವರಿಗೆ ಇನ್ನೊಂದು ಸಲ ಇಲ್ಲ.

ಹಾಗಾಗಿ ಅಧ್ಯಯನಕ್ಕೆ ಇಳಿದೆ. ಈ ಕಾಯಿಲೆಯ ಒಳಗುಟ್ಟು ತಿಳಿದಾಗ ಪತ್ರಿಕೆಯವನಾದ ನನಗೆ ಅದರ ಮೇಲೆ ಗೌರವವೇ ಬಂತು. ನಮ್ಮ ಸಮತೋಲ ತಪ್ಪದಂತೆ ಕಾಯುವ ಅಂಗ ಕಿವಿಯ ಒಳಗಿದೆ. ದೋಣಿ ಓಲಾಡಿದಾಗ ಅದು 'ಭಾರೀ ಚಲನೆ' ಎಂದು ವರದಿ ಕಳಿಸುತ್ತದೆ. ಅದೇ ಹೊತ್ತಿಗೆ ಕಣ್ಣು ಕೈಯಲ್ಲಿನ ಪುಸ್ತಕವನ್ನೋ ದೋಣಿಯ ಹಲಗೆಯನ್ನೋ ನೋಡುತ್ತ 'ಎಲ್ಲ ನಿಂತಲ್ಲೇ ಇದೆ, ಪರಿಸ್ಥಿತಿ ಶಾಂತ' ಎಂದು ಇನ್ನೊಂದು ವರದಿ ಕಳಿಸುತ್ತದೆ. ಒಂದೇ ಸ್ಥಳದಿಂದ ಇಬ್ಬರು ವರದಿಗಾರರು, ಎರಡು ತದ್ವಿರುದ್ಧ ಸುದ್ದಿ. ಮಿದುಳು ಗಾಬರಿಯಾಗಿ, ಯಾವುದು ನಿಜವೋ ಗೊತ್ತಾಗದೆ, ಒಳಗಿರುವುದನ್ನೆಲ್ಲ ಹೊರಗೆ ಹಾಕಲು ಆದೇಶಿಸುತ್ತದೆ. ನನ್ನ ಕೈಕೆಳಗಿನ ಹುಡುಗರು ಇಂಥ ವರದಿ ತಂದಾಗ ನಾನೂ ಹೆಚ್ಚುಕಡಿಮೆ ಹಾಗೇ ವರ್ತಿಸುತ್ತಿದ್ದೆ.

ಔಷಧಿಗೆ ನಮ್ಮ ಬೀದಿಯಲ್ಲಿ ಕೊರತೆಯಾಗಲಿಲ್ಲ. ಎದುರು ಮನೆಯವರು ನಿಂಬೆಹಣ್ಣು ಮೂಸಲು ಹೇಳಿದರು. ಆರ್.ಟಿ. ನಗರದ ಮೆಡಿಕಲ್ ಶಾಪಿನವರು ಮಾತ್ರೆ ಕೊಟ್ಟು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಪ್ರಯೋಜನವಿಲ್ಲ, ಒಂದು ಗಂಟೆ ಮೊದಲೇ ನುಂಗಬೇಕು, ನಿದ್ದೆ ಬಂದರೆ ಬರಲಿ ಎಂದರು. ಪಾರ್ಕಿನಲ್ಲಿ ಜೊತೆಗೆ ನಡೆಯುವ ಹಿರಿಯರೊಬ್ಬರು ನ್ಯೂಸ್ ಪೇಪರನ್ನು ಮಡಿಸಿ ಅಂಗಿಯ ಒಳಗೆ ಹೊಟ್ಟೆಗೆ ಒತ್ತಿ ಇಟ್ಟುಕೊಂಡರೆ ವಾಂತಿ ಬರುವುದೇ ಇಲ್ಲ ಎಂದು ಅನುಭವದಿಂದ ಹೇಳಿದರು. ನಾನು ಕೆಲಸ ಮಾಡಿದ್ದ ಪತ್ರಿಕೆಯನ್ನೇ ಅವರು ವಿಶೇಷವಾಗಿ ಹೊಗಳಿದರು: ಕಾಗದ ದಪ್ಪ. ಮೂವತ್ತು ವರ್ಷ ನಾವು ಓದುಗರ ತಲೆಗೆ ಗುರಿ ಇಟ್ಟಿದ್ದೆವು. ಪತ್ರಿಕೆ ಕೆಲಸ ಮಾಡುತ್ತಿದ್ದದ್ದು ಬೇರೆ ಕಡೆ.

ನನ್ನ ಹೆಂಡತಿ ವಿಮಲಾ ಒಣಶುಂಠಿಗೆ ಬೆಲ್ಲ ಸೇರಿಸಿ ಉಂಡೆ ಕಟ್ಟುತ್ತ, 'ಅಲ್ಲಾರೀ, ಮೀನು ಇಲ್ಲೇ ಗಂಗಾನಗರದಲ್ಲಿ ಸಿಗತ್ತೆ. ವಾಂತಿ ಮಾಡ್ಕೊಳ್ಳೋದಕ್ಕೆ ಮಲ್ಪೆವರೆಗೂ ಯಾಕೆ ಹೋಗ್ಬೇಕು?' ಎಂದಳು. ನಾನು ಉಂಡೆಯ ಡಬ್ಬಿ ತೆಗೆದುಕೊಂಡೆ.

ಯಶವಂತಪುರದಿಂದ ಹಗಲಿನ ರೈಲು ಹಿಡಿದೆವು. ಮುನಿರಾಜಣ್ಣ ಕಿಟಕಿಯ ಬಳಿ ಕೂತು, ಬಟ್ಟೆ ಚೀಲದಿಂದ ಹೊಸ ದಾರದ ಉಂಡೆ ತೆಗೆದು, ಗಂಟುಗಳನ್ನು ಎಳೆದೆಳೆದು ನೋಡುತ್ತಿದ್ದರು. ಎಪ್ಪತ್ತು ದಾಟಿದ ಕೈ. ಗಂಟು ಮಾತ್ರ ಸಡಿಲವಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಮಲ್ಪೆಯಲ್ಲಿ ಎಲ್ಲವನ್ನೂ ನಿಯಮದಂತೆ ಮಾಡಿದೆ. ಒಂದು ಗಂಟೆ ಮೊದಲು ಮಾತ್ರೆ. ಖಾಲಿ ಹೊಟ್ಟೆಯೂ ಕೆಟ್ಟದ್ದು, ತುಂಬಿದ ಹೊಟ್ಟೆಯೂ ಕೆಟ್ಟದ್ದು ಎಂದು ಓದಿದ್ದರಿಂದ ಎರಡು ಇಡ್ಲಿ. ಜೇಬಿನಲ್ಲಿ ನಿಂಬೆಹಣ್ಣು, ಅಂಗಿಯ ಒಳಗೆ ಅಂದಿನ ಪತ್ರಿಕೆ. ಮುನಿರಾಜಣ್ಣನಿಗೂ ಮಾತ್ರೆ ಚಾಚಿದೆ. 'ನಂಗ್ಯಾಕೆ ಸಾರ್? ನಾನು ನೀರಾಗೇ ಉಟ್ಟಿ ಬೆಳೆದೋನು' ಎಂದು ನಕ್ಕು ಇನ್ನೊಂದು ಪ್ಲೇಟ್ ಇಡ್ಲಿ ಹೇಳಿದರು.

ಈ ಸಲದ ದೋಣಿಯ ಯಜಮಾನ ಸದಾನಂದಣ್ಣ ನಮ್ಮನ್ನು ಮೇಲಿನಿಂದ ಕೆಳಗೆ ನೋಡಿ, ನನ್ನನ್ನು ದೋಣಿಯ ನಡುವೆ, ಎಂಜಿನ್ನಿನ ಹೊಗೆ ಬಾರದ ಕಡೆ ಕೂರಿಸಿದರು. ನೋಟ್‌ಬುಕ್ ಕಂಡದ್ದೇ, 'ಅದೆಂತ ಮಾರಾಯ್ರೇ? ಒಳಗೆ ಇಡಿ. ಅಲ್ಲಿ ದೂರ ಆಕಾಶ ನೀರಿಗೆ ತಾಗುವ ಗೆರೆ ಉಂಟಲ್ಲ, ಅದನ್ನೇ ನೋಡ್ತಾ ಇರಿ. ಬರೆಯುವುದು ದಡದಲ್ಲಿ' ಎಂದರು. ಇಷ್ಟು ಒಳ್ಳೆಯ ಸಂಪಾದಕರು ನನಗೆ ವೃತ್ತಿಯಲ್ಲಿ ಸಿಕ್ಕಿರಲಿಲ್ಲ.

ದೋಣಿ ಓಡುವಾಗ ಯಾರಿಗೂ ಏನೂ ಆಗುವುದಿಲ್ಲ. ಎಂಜಿನ್ ನಿಂತು, ಲಂಗರು ಬಿದ್ದು, ದೋಣಿ ತನ್ನಷ್ಟಕ್ಕೆ ಹೊರಳತೊಡಗಿದಾಗಲೇ ಪರೀಕ್ಷೆ. ನಾನು ಗೆರೆಯನ್ನು ನೋಡಿದೆ. ಕಣ್ಣೂ ಕಿವಿಯೂ ಬಹುಶಃ ಒಂದೇ ಸುದ್ದಿ ಕಳಿಸುತ್ತಿದ್ದವು. ಐದು ನಿಮಿಷ, ಹತ್ತು ನಿಮಿಷ. ಇಡ್ಲಿಗಳು ಇದ್ದಲ್ಲೇ ಇದ್ದವು. ಈ ಸಂತೋಷವನ್ನು ಹೇಳೋಣ ಎಂದು ತಿರುಗಿದರೆ ಮುನಿರಾಜಣ್ಣನ ಮುಖ ಬೂದಿಯ ಬಣ್ಣಕ್ಕೆ ತಿರುಗಿತ್ತು.

ಅವರು ಗಾಳ ಬಿಟ್ಟು, ದಾರ ನೀರಿಗಿಳಿಯುವ ಜಾಗವನ್ನೇ ಎವೆ ಮುಚ್ಚದೆ ನೋಡುತ್ತ ಕೂತಿದ್ದರು. ಅಲ್ಲಿ ಬೆಂಡು ಇರಲಿಲ್ಲ. ಐವತ್ತು ವರ್ಷ ಬೆಂಡು ನೋಡಿದ ಕಣ್ಣು ಅದು ಇಲ್ಲದ ಕಡೆಯೂ ಹುಡುಕುತ್ತಿತ್ತು. ನಾನು ಹೆಗಲು ಹಿಡಿಯುವಷ್ಟರಲ್ಲಿ ಅವರು ಅಂಚಿಗೆ ಬಾಗಿದರು.

ಎಲ್ಲ ಮುಗಿದ ಮೇಲೆ ಸದಾನಂದಣ್ಣ ನೀರಿನ ಬಾಟಲಿ ಕೊಟ್ಟು, ಒಂದೊಂದೇ ಗುಟುಕು ಕುಡಿಯಲು ಹೇಳಿದರು. ಮುನಿರಾಜಣ್ಣ ಬಾಯಿ ಒರೆಸಿಕೊಂಡು ಟವಲನ್ನು ಹೆಗಲಿಗೆ ಹಾಕಿಕೊಂಡರು. ಆಮೇಲೆ ನನ್ನ ಮುಖ ನೋಡದೆ, 'ಸಾರ್, ಅವತ್ತೂ ಇಂಗೇ ಆಗಿತ್ತು' ಎಂದರು.

'ಯಾವತ್ತು?'

'ಮೊದಲ್ನೇ ಕಿತ ಬಂದಿದ್ವಲ್ಲ, ಅವತ್ತು. ನೀವು ಆ ಕಡೆ ಬಗ್ಗಿದ್ರಿ, ನಾನು ಈ ಕಡೆ. ನಂಗೇ ತಡ್ಕಣಕ್ ಆಗ್ಲಿಲ್ಲ. ನಿಮ್ಮೆಸ್ರು ಏಳಿ ತಿರುಗ್ಸಿಬಿಟ್ಟೆ. ಕೆರೆ ಮುನಿರಾಜ ದೋಣಿಯಾಗೆ ಕಕ್ಕೊಂಡ ಅಂದ್ರೆ ಊರಾಗೆ ಏನಂತಾರೆ, ಏಳಿ? ಕ್ಯಾಂಟೀನಾಗೂ ಅದಕ್ಕೇ ಬಾಯ್ಬಿಡ್ಲಿಲ್ಲ.'

ಇಪ್ಪತ್ತು ವರ್ಷ ನಾನು ದೊಡ್ಡಗುಣ ಎಂದು ತಿಳಿದಿದ್ದ ಮೌನ ಶುದ್ಧ ಭಯವಾಗಿತ್ತು. 'ತಿರುಗ್ಸಪ್ಪಾ' ಎಂಬ ಅವತ್ತಿನ ಮಾತನ್ನು ನಾನು ಅಕ್ಷರ ತಪ್ಪದೆ ಕೇಳಿಸಿಕೊಂಡಿದ್ದೆ. ಆದರೆ ಹೇಳಿದವರ ಕಡೆ ಒಂದು ಸಲ ತಿರುಗಿ ನೋಡಿರಲಿಲ್ಲ. ತಿರುಗುವ ಸ್ಥಿತಿಯಲ್ಲಿರಲಿಲ್ಲ ಎಂಬುದು ಸಮಜಾಯಿಷಿ. ಸಿಟ್ಟು ಬರಬೇಕಿತ್ತು, ಹುಡುಕಿದೆ, ಸಿಗಲಿಲ್ಲ. ನಗು ಬಂತು. ಅವರೂ ಹೊಟ್ಟೆ ಹಿಡಿದುಕೊಂಡು, ನಗುವುದೋ ಬೇಡವೋ ಎಂಬಂತೆ ನಕ್ಕರು.

ಇನ್ನೊಂದು ಅಲೆ ದೋಣಿಯನ್ನು ಎತ್ತಿ ಇಳಿಸಿತು. ಅವರ ನಗು ನಿಂತಿತು. ಸದಾನಂದಣ್ಣ ಲಂಗರಿನ ಹಗ್ಗಕ್ಕೆ ಕೈ ಹಾಕಿ, 'ಅಜ್ಜನಿಗೆ ಕಷ್ಟ ಆಗ್ತದೆ. ತಿರುಗಿಸುವುದಾ?' ಎಂದು ನನ್ನನ್ನು ಕೇಳಿದರು.

'ಸಾರ್ ಏಳ್ದಂಗೆ' ಎಂದರು ಮುನಿರಾಜಣ್ಣ. ದನಿಯಲ್ಲಿ ಶಕ್ತಿ ಇರಲಿಲ್ಲ. ಆದರೆ ಬಲಗೈಗೆ ಸುತ್ತಿಕೊಂಡ ದಾರವನ್ನು, ವಾಂತಿ ಮಾಡಿಕೊಳ್ಳುವಾಗಲೂ, ಅವರು ಬಿಟ್ಟಿರಲಿಲ್ಲ. ಇರೋಣ ಎಂದು ಅವರ ಬಾಯಿಂದ ಬರುವಂತಿರಲಿಲ್ಲ. ಹೋಗೋಣ ಎಂದೂ ಬರಲಿಲ್ಲ.

'ಬೇಡ ಸದಾನಂದಣ್ಣ' ಎಂದೆ. 'ನನಗೆ ಇನ್ನೂ ಸ್ವಲ್ಪ ಹೊತ್ತು ಇರ್ಬೇಕು ಅನ್ನಿಸ್ತಿದೆ. ಇಷ್ಟು ದೂರ ಬಂದು ನಾನು ಬರಿಗೈಲಿ ಹೋಗೋದಿಲ್ಲ. ಇವರು ನನಗೋಸ್ಕರ ಕೂತಿರಲಿ.'

ಮುನಿರಾಜಣ್ಣ ನನ್ನನ್ನು ನೋಡಿದರು. 'ಸಾರ್ ಅಟ ಇಡುದ್ರೆ ಏನ್ ಮಾಡಕ್ಕಾಯ್ತದೆ' ಎಂದು ಸದಾನಂದಣ್ಣನಿಗೆ ಹೇಳಿ, ನನ್ನ ಡಬ್ಬಿಯ ಶುಂಠಿ ಉಂಡೆಗೆ ಕೈ ಚಾಚಿದರು.

ಸದಾನಂದಣ್ಣ ಅವರನ್ನು ನನ್ನ ಪಕ್ಕಕ್ಕೆ, ನಡುವಿಗೆ ಕೂರಿಸಿ, ದಾರವನ್ನು ತೋರುಬೆರಳ ಮೇಲೆ ಹಾಯಿಸಿದರು. 'ಇಲ್ಲಿ ಕಣ್ಣಿಗೆ ಕೆಲಸ ಇಲ್ಲ ಅಜ್ಜ. ಮೀನು ಕಚ್ಚಿದ್ರೆ ಬೆರಳಿಗೆ ಗೊತ್ತಾಗ್ತದೆ. ನೀವು ದೂರ ನೋಡಿ.'

ಬಿಸಿಲೇರಿತು. ಇಬ್ಬರೂ ಶಾಲೆಯ ಮಕ್ಕಳ ಹಾಗೆ ಒಂದೇ ದಿಕ್ಕಿಗೆ ಮುಖ ಮಾಡಿ ಕೂತೆವು. ಅವರ ಮುಖಕ್ಕೆ ಬಣ್ಣ ನಿಧಾನವಾಗಿ ಮರಳುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಅವರ ತೋರುಬೆರಳು ಒಮ್ಮೆ ಬಾಗಿತು, ಇನ್ನೊಮ್ಮೆ ಬಾಗಿತು.

'ಸಾರ್' ಎಂದರು ಪಿಸುದನಿಯಲ್ಲಿ, 'ಏನೋ ಐತೆ ಇಲ್ಲಿ.'

ಕೆಳಗೆ ನೋಡಲಿಲ್ಲ. ದೂರದ ಗೆರೆಯ ಮೇಲೆ ಕಣ್ಣಿಟ್ಟುಕೊಂಡೇ ದಾರ ಎಳೆಯತೊಡಗಿದರು.