ಪರಮೇಶಣ್ಣ ಓದದೆ ಕಾಯ್ದ ಕಾಗದ

ಕಲಿಸುವಾಗ ಪರಮೇಶಣ್ಣನ ಎರಡೂ ಕೈ ಬೆನ್ನ ಹಿಂದೆ ಇರುತ್ತಿದ್ದವು. ನೀವು ಎಷ್ಟೇ ತಪ್ಪು ಮಾಡಿ, ಅವರು ಮೌಸ್ ಮುಟ್ಟುತ್ತಿರಲಿಲ್ಲ. ಪಾಸ್‌ವರ್ಡ್ ಒತ್ತುವ ಹೊತ್ತಿಗೆ ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದರು. ಹೊನ್ನಾಳಿ ಬಸ್‌ಸ್ಟ್ಯಾಂಡಿನ ಎದುರು ಅವರ ಇಂಟರ್ನೆಟ್ ಸೆಂಟರ್. ಮೂರು ಕಂಪ್ಯೂಟರ್, ಅದರಲ್ಲೊಂದು ಸದಾ ಕೆಟ್ಟಿರುತ್ತಿತ್ತು.

ಇಂಟರ್ನೆಟ್ಟೆಂದರೆ ಏನೆಂದು ಊರಿಗೇ ಗೊತ್ತಿಲ್ಲದ ಕಾಲ. ಬಂದವರಿಗೆಲ್ಲ ಪರಮೇಶಣ್ಣ ಹಳೇ ಲಗ್ನಪತ್ರಿಕೆಯ ಖಾಲಿ ಬೆನ್ನಿನ ಮೇಲೆ ಒಂದೊಂದು ಕೈಪಿಡಿ ಬರೆದುಕೊಡುತ್ತಿದ್ದರು. ಅಡಿಕೆ ರೇಟು ನೋಡುವವರಿಗೆ ಒಂದು, ಪರೀಕ್ಷೆಯ ರಿಸಲ್ಟ್ ನೋಡುವವರಿಗೆ ಇನ್ನೊಂದು. ‘ಪರದೆ ಬೆಳ್ಳಗಾಗಿ ನಿಂತರೆ ಹೆದರಬೇಡಿ, ನೂರು ಎಣಿಸಿ. ಬಣ್ಣಬಣ್ಣದ ಜಾಹೀರಾತು ಕರೆದರೆ ಅಲ್ಲಿ ಇಳಿಯಬೇಡಿ, ಅದು ನಿಮ್ಮ ಊರಲ್ಲ.’

ನನಗೂ ತಂಗಿ ಗೀತಾಳಿಗೂ ಇಮೇಲ್ ಕಲಿಸಿದವರು ಅವರೇ. ಮರೆತುಬಿಡುತ್ತೀರೆಂದು ಪಾಸ್‌ವರ್ಡನ್ನು ನಮ್ಮ ಕೈಯಲ್ಲೇ ತಮ್ಮ ನೋಟ್‌ಬುಕ್ಕಿನಲ್ಲಿ ಬರೆಸಿಟ್ಟುಕೊಂಡರು. ಮದುವೆಯಾಗಿ ಬಿಳಿಚೋಡಿಗೆ ಹೋದ ಗೀತಾ, ಪಕ್ಕದ ಜಗಳೂರಿನ ಸೆಂಟರಿಗೆ ಬಂದಾಗಲೆಲ್ಲ ನನಗೆ ಬರೆಯುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಅಮ್ಮನ ರೇಷ್ಮೆ ಸೀರೆ ಯಾರಿಗೆಂದು ನಮ್ಮಿಬ್ಬರಿಗೂ ಜಗಳವಾಯಿತು. ಬರೆಯಬಾರದ್ದನ್ನೆಲ್ಲ ಬರೆದೆ. ಉತ್ತರ ಬರಲಿಲ್ಲ. ಎರಡು ತಿಂಗಳಿಗೆ ಜ್ವರ ಬಂದು ಅವಳೇ ಹೋದಳು.

ತಿಥಿ ಮುಗಿಸಿ ಬಂದ ನನ್ನನ್ನು ಪರಮೇಶಣ್ಣ ಅಂಗಡಿಗೆ ಕರೆದರು.

“ನೋಡವ್ವ, ಗೀತಾಂದು ಮೇಲ್ ಬಂದ್ ಆಗಬಾರ್ದು ಅಂತ ಒಂದ್ಸಲ ತೆರೆದೆ. ನಿನಗೆ ಒಂದು ಕಾಗದ ಬರೆದು ಕಳಿಸದೆ ಇಟ್ಟಾಳೆ. ಮೇಲೆ ನಿನ್ನ ಹೆಸರೈತೆ. ಒಳಗೆ ಏನೈತೋ ನಾನು ನೋಡಿಲ್ಲ.”

ಬೈದಿದ್ದರೆ ಹೇಗೋ ತಡೆದುಕೊಂಡೇನು. ಕ್ಷಮಿಸಿದ್ದರೆ?

“ಇವತ್ತು ಬೇಡಣ್ಣ,” ಎಂದೆ.

“ಆತು. ನಿನಗೆ ಓದಾಕೆ ಧೈರ್ಯ ಬರೋಗಂಟ ನಾನು ಕಾಯ್ತೀನಿ.”

ಬಹಳ ದಿನ ಬಳಸದಿದ್ದರೆ ಕಂಪನಿಯವರು ಖಾತೆಯನ್ನೇ ಅಳಿಸಿಬಿಡುತ್ತಾರಂತೆ. ಅದಕ್ಕೇ ಪ್ರತಿ ಅಮಾವಾಸ್ಯೆ ಅಂಗಡಿ ಪೂಜೆ ಮುಗಿಸಿ, ಗೀತಾಳ ಖಾತೆಯನ್ನು ಒಮ್ಮೆ ತೆರೆದು ಮುಚ್ಚುತ್ತಿದ್ದರು. ನಾನು ಆಗ ನ್ಯಾಮತಿಯಲ್ಲಿ ಕೆಲಸಕ್ಕೆ ಸೇರಿದ್ದೆ. ಆಫೀಸಿನ ಕಂಪ್ಯೂಟರಿನಲ್ಲಿ ಇದ್ದಕ್ಕಿದ್ದಂತೆ ಗೀತಾಳ ಹೆಸರಿನ ಪಕ್ಕ, ಮೇಲ್ ತೆರೆದಿದ್ದಾರೆಂದು ತೋರಿಸುವ ಹಸಿರು ಚುಕ್ಕೆ ಹೊತ್ತಿಕೊಂಡಿತು. ಅರೆಗಳಿಗೆ ಇದ್ದು ಆರಿಹೋಯಿತು. ಅದು ಪರಮೇಶಣ್ಣನೆಂದು ತಿಳಿದ ಮೇಲೂ ಅಮಾವಾಸ್ಯೆಯ ದಿನ ನಾನು ಬೇರೆ ಕೆಲಸ ಮಾಡದೆ ಅದನ್ನೇ ಕಾಯುತ್ತಿದ್ದೆ. ಒಮ್ಮೆ ‘ಊಟ ಆಯ್ತಾ?’ ಎಂದು ಬರೆಯಲೂ ಹೊರಟಿದ್ದೆ. ನನಗೇ ಹೆದರಿಕೆಯಾಗಿ ಅಳಿಸಿದೆ.

ಕಾಲ ಬದಲಾಗಿ ಸೆಂಟರು ಜೆರಾಕ್ಸ್ ಅಂಗಡಿಯಾಯಿತು. ಪರಮೇಶಣ್ಣ ಮಾತ್ರ ಒಂದು ಅಮಾವಾಸ್ಯೆಯನ್ನೂ ತಪ್ಪಿಸಲಿಲ್ಲ. ಕೊನೆಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ತ್ಯಾವಣಿಗೆಯ ಮಗಳ ಮನೆಗೆ ಹೊರಡುವ ಮುಂಚೆ, ಎಡಗೈಯಲ್ಲಿ ಬರೆದ ಲಗ್ನಪತ್ರಿಕೆಯೊಂದನ್ನು ನನಗೆ ಕೊಟ್ಟರು. ಗೀತಾಳ ಖಾತೆ ತೆರೆಯುವ ಕೈಪಿಡಿ. ‘ಬಾಗಿಲು ಹಾಕಿಕೊಂಡು ಕೂತುಕೋ’ ಎಂದು ಶುರು. ಕೊನೆಯ ಸಾಲು, ‘ಓದಿ ಆದ ಮೇಲೆ ಊಟ ಮಾಡು.’

“ಇನ್ಮೇಲೆ ನೀನೇ ತೆರೀಬೇಕವ್ವ.”

ಅದನ್ನು ಬೀರುವಿನಲ್ಲಿಟ್ಟೆ. ಈ ಅಮಾವಾಸ್ಯೆ ಬೇಡ, ಮುಂದಿನದಕ್ಕೆ ನೋಡೋಣವೆಂದು ದೂಡುತ್ತ ವರ್ಷಗಳೇ ಕಳೆದವು. ಪರಮೇಶಣ್ಣ ಇನ್ನು ಹೆಚ್ಚು ದಿನ ಇಲ್ಲವೆಂದು ಅವರ ಮಗಳು ಫೋನ್ ಮಾಡಿದ ದಿನವೇ ಬಾಗಿಲು ಹಾಕಿಕೊಂಡು ಕೂತೆ. ಒಂದಕ್ಷರ ತಪ್ಪದಂತೆ ಒತ್ತಿದೆ. ಇಂಥ ಖಾತೆಯೇ ಇಲ್ಲವೆಂದು ಬಂತು. ನೂರು ಎಣಿಸಿದೆ, ಮತ್ತೆ ಒತ್ತಿದೆ. ಇಲ್ಲ.

ಮರುದಿನ ತ್ಯಾವಣಿಗೆಯಲ್ಲಿ ಅವರ ಮಂಚದ ಪಕ್ಕ ಕೂತೆ. ಅವರ ಮಾತು ತೊದಲುತ್ತಿತ್ತು.

“ತೆರೆದ್ಯೇನವ್ವ?”

“ತೆರೆದೆ ಅಣ್ಣ.”

“ಏನಂತ ಬರೆದಿದ್ಲು?”

“ಸೀರೆ ನೀನೇ ಉಟ್ಕ ಅಕ್ಕ, ಅಂತ.”

ಪರಮೇಶಣ್ಣನ ಮುಖದಲ್ಲಿ ಒಂದೇ ಪಕ್ಕ ನಗು ಬಂತು. “ಅಷ್ಟಾದ್ರೆ ಸಾಕು ಬಿಡು,” ಎಂದರು. ಅಷ್ಟು ವರ್ಷ ಓದದೆ ಕಾಯ್ದ ಕಾಗದದಲ್ಲಿ ಏನಿತ್ತೆಂದು ಅವರು ಕೇಳಿದ್ದು ಅದೊಂದೇ ಸಲ. ಮೂರನೇ ದಿನ, ನನ್ನ ಸುಳ್ಳನ್ನು ನಂಬಿಕೊಂಡೇ ಹೋದರು.