ಸುಂಕ ಕಟ್ಟಿ ತಂದ ವಾಚು

ದಾವಣಗೆರೆಯ ಹಳೇ ಬಸ್ ನಿಲ್ದಾಣದ ಹಿಂದುಗಡೆ, ಒಂದು ಚಪ್ಪಲಿ ಅಂಗಡಿಗೂ ಒಂದು ಮಂಡಕ್ಕಿ ಅಂಗಡಿಗೂ ನಡುವೆ ಸಿಕ್ಕಿಕೊಂಡಂತೆ ಮಕ್ತುಮ್ ಸಾಬರ ವಾಚ್ ರಿಪೇರಿ ಅಂಗಡಿ ಇದೆ. ಅಂಗಡಿ ಅನ್ನುವುದು ಮರ್ಯಾದೆಯ ಮಾತು. ಒಳಗೆ ಸಾಬರು ಕೂತರೆಂದರೆ ಗಿರಾಕಿ ರಸ್ತೆಯಲ್ಲೇ ನಿಲ್ಲಬೇಕು. ಮುಂದಿನ ಗಾಜಿನ ಕೌಂಟರ್ ಮೂರು ಕಡೆ ಬಿರುಕು ಬಿಟ್ಟು, ಆಸ್ಪತ್ರೆಯ ಪ್ಲಾಸ್ಟರ್ ಪಟ್ಟಿ ಅಂಟಿಸಿಕೊಂಡು ಹೇಗೋ ನಿಂತಿದೆ. ಸಾಬರು ಅದರ ಹಿಂದೆ ನಲವತ್ತು ವರ್ಷದಿಂದ ಬಲಗಣ್ಣಿಗೆ ಕರಿ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತಿದ್ದಾರೆ.

ಅವರದೊಂದು ಪದ್ಧತಿ. ಯಾವ ವಾಚು ಕೈಗೆ ಬಂದರೂ ಮೊದಲು ನೋಡುವುದಿಲ್ಲ, ಕಿವಿಗೆ ಇಟ್ಟುಕೊಳ್ಳುತ್ತಾರೆ. ಕಣ್ಣು ಮುಚ್ಚಿ, ಒಳಗಿನ ಮಷಿನ್ ಏನು ಹೇಳುತ್ತದೆಂದು ಕೇಳುತ್ತಾರೆ. ಆಮೇಲೆ ಬಾಯಿ ಬಿಡುತ್ತಾರೆ. ಊರಿನವರು ಹೆದರುವುದು ಆ ಬಾಯಿಗೇ. ಕೊಲ್ಲಿ ದೇಶದಿಂದ ಬಂದ ವಾಚುಗಳು ಅಸಲಿಯೋ ನಕಲಿಯೋ ಎಂದು ಹೇಳಲು ದಾವಣಗೆರೆ, ಹರಿಹರ ಎರಡೂ ಕಡೆ ಸಾಬರನ್ನು ಬಿಟ್ಟರಿಲ್ಲ. ಆದರೆ ಸುಳ್ಳನ್ನು ಸಿಹಿ ಮಾಡಿ ಹೇಳುವ ಅಭ್ಯಾಸ ಅವರಿಗಿಲ್ಲ. ಒಮ್ಮೆ ಹರಿಹರದ ಮದುವೆಯೊಂದರಲ್ಲಿ ಭಾನುವಳ್ಳಿಯ ಮದುಮಗ, ಮಾವ ಹಾಕಿದ ಬಂಗಾರದ ಬಣ್ಣದ ವಾಚನ್ನು ಹೆಮ್ಮೆಯಿಂದ ಸಾಬರ ಮುಂದೆ ಹಿಡಿದ. ಸಾಬರು ಕಿವಿಗಿಟ್ಟು, "ಮುನ್ನೂರು ರೂಪಾಯಿ ಮಾಲು. ಬೆಲ್ಟು ಮಾತ್ರ ಪರವಾಗಿಲ್ಲ," ಅಂದುಬಿಟ್ಟರು. ಎರಡು ಮನೆಯವರ ಜಗಳ ತಣ್ಣಗಾಗುವ ಹೊತ್ತಿಗೆ ಬಿರಿಯಾನಿಯೂ ತಣ್ಣಗಾಗಿತ್ತು. ಅವತ್ತಿನಿಂದ ಹೆಂಡತಿ ಶಹಜಾದಿ, ಮದುವೆಗೆ ಹೊರಡುವ ಮುಂಚೆ ಗಂಡನ ಜೇಬು ತಡಕಿ ಭೂತಗನ್ನಡಿ ಕಿತ್ತಿಟ್ಟುಕೊಳ್ಳುತ್ತಾಳೆ. ಕಿವಿಯನ್ನು ಕಿತ್ತಿಟ್ಟುಕೊಳ್ಳಲು ಅವಳಿಗೂ ಆಗಿಲ್ಲ.

ಇಂಥ ಮನುಷ್ಯ ಹೋದ ವರ್ಷ ಶಾರ್ಜಾಕ್ಕೆ ಹೋದರು. ಒಬ್ಬಳೇ ಮಗಳು ನುಜತ್ ಅಲ್ಲಿ ಬುರ್ಖಾ ಹೊಲಿಯುವ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಅಳಿಯ ಇಮ್ರಾನ್, ಹರಿಹರದವನು, ಏಸಿ ರಿಪೇರಿ ಮಾಡುತ್ತಾನೆ. ಮಗಳು ವೀಸಾ ಕಳಿಸಿದಳು. ಶಹಜಾದಿಗೆ ವಿಮಾನದ ಹೆಸರು ಕೇಳಿದರೇ ತಲೆ ತಿರುಗುತ್ತದಾದ್ದರಿಂದ ಸಾಬರು ಒಬ್ಬರೇ ಹೋಗಿ ಒಂದು ತಿಂಗಳು ಮಗಳ ಕೈಯಡುಗೆ ಉಂಡರು. ವಾಪಸು ಬರುವ ಹಿಂದಿನ ದಿನ ನುಜತ್ ಒಂದು ಹಸಿರು ಪೆಟ್ಟಿಗೆ ತಂದು ಅಪ್ಪನ ಮಡಿಲಿಗಿಟ್ಟಳು.

"ಅಬ್ಬಾ, ಊರಾಗಿನ ವಾಚೆಲ್ಲ ನೀವು ರಿಪೇರಿ ಮಾಡ್ತೀರಿ. ನಿಮ್ಮ ಕೈಯಾಗ ಒಂದು ಒಳ್ಳೆ ವಾಚಿಲ್ಲ. ಸ್ವಿಸ್ ವಾಚು. ನೋಡ್ರಿ."

ಎರಡು ವರ್ಷ ಓವರ್‌ಟೈಮ್ ಮಾಡಿ, ತೋಳಿಗೆ ಅಂಚು ಹೊಲಿದು ಹೊಲಿದು ಕೂಡಿಸಿದ ನಾಲ್ಕು ಸಾವಿರದ ಒಂಬೈನೂರು ದಿರ್ಹಮ್. ಬಿಲ್ಲೂ ಪೆಟ್ಟಿಗೆಯಲ್ಲೇ ಇತ್ತು. ನಮ್ಮ ಲೆಕ್ಕದಲ್ಲಿ ಒಂದು ಲಕ್ಷ ಹತ್ತು ಸಾವಿರ. ಸಾಬರು ಅಭ್ಯಾಸಬಲದಿಂದ ವಾಚನ್ನು ಕಿವಿಗಿಟ್ಟುಕೊಂಡರು. ಎರಡು ಕ್ಷಣ ಸಾಕಾಯಿತು. ಅಸಲಿ ಮಷಿನ್ ಓಡುವುದು ಕಿವಿಗೆ ಇಂಪು. ಇದು ಎಣ್ಣೆ ಕಾಣದ ಸೈಕಲ್ ಚೈನಿನ ಹಾಗೆ ಕರಕರ ಅನ್ನುತ್ತಿತ್ತು. ಯಾವನೋ ಅಂಗಡಿಯವನು ಮಗಳ ತಲೆಗೆ ಚೆನ್ನಾಗಿ ಟೋಪಿ ಹಾಕಿದ್ದ. ಬೆಲೆ ಮೂರು ಸಾವಿರ ರೂಪಾಯಿ, ಅದೂ ಪೆಟ್ಟಿಗೆ ಸೇರಿಸಿ.

ಮಾತು ನಾಲಿಗೆ ತುದಿಗೆ ಬಂದೇಬಿಟ್ಟಿತ್ತು. ಸಾಬರು ಕಣ್ಣು ತೆರೆದು ಮಗಳ ಮುಖ ನೋಡಿದರು. ಪರೀಕ್ಷೆಯ ಫಲಿತಾಂಶಕ್ಕೆ ಕಾಯುವವರ ಹಾಗೆ ಅವಳು ಉಸಿರು ಬಿಗಿಹಿಡಿದು ನಿಂತಿದ್ದಳು. ಊರಿನ ವಾಚುಗಳಿಗೆಲ್ಲ ತೀರ್ಪು ಕೊಟ್ಟ ಅಪ್ಪ ಏನು ಹೇಳುತ್ತಾನೋ ಎಂಬ ಭಯ ಅವಳಿಗೂ ಇತ್ತು.

"ಭಾರಿ ಐತೆ ಬೇಟಾ," ಅಂದರು ಸಾಬರು. ಜೀವಮಾನದಲ್ಲಿ ಒಂದು ವಾಚಿನ ಬಗ್ಗೆ ಅವರು ಹೇಳಿದ ಮೊದಲ ಸುಳ್ಳು ಅದು. ನುಜತ್ ಗಳಗಳ ಅತ್ತು, ಆಮೇಲೆ ನಕ್ಕು, ಖೀರು ಮಾಡಿದಳು.

ಮರುದಿನ ವಿಮಾನದಲ್ಲಿ ಇಮ್ರಾನ್ ಜೊತೆಗಿದ್ದ. ತನ್ನ ತಮ್ಮ ನೌಮಾನನ ಮದುವೆ ಮಾತುಕತೆಗೆಂದು ಅವನೂ ರಜೆ ಹಾಕಿ ಹರಿಹರಕ್ಕೆ ಹೊರಟಿದ್ದ. ಅಳಿಯ ಒಳ್ಳೆಯವನೇ, ಆದರೆ ಎಲ್ಲದಕ್ಕೂ ಅವನ ಹತ್ತಿರ ಒಂದು ಉಪಾಯ ಇರುತ್ತದೆ. "ಮಾಮು, ಐವತ್ತು ಸಾವಿರಕ್ಕಿಂತ ಜಾಸ್ತಿ ಮಾಲು ತಂದ್ರೆ ಕಸ್ಟಮ್ಸ್‌ನೋರು ಸುಂಕ ಹಾಕ್ತಾರೆ. ವಾಚ್ ಕೈಗೆ ಕಟ್ಕೊಂಡು, ಸುಂಕದ ಮಾಲಿಲ್ಲದೋರು ಹೋಗೋ ಹಸಿರು ಬೋರ್ಡಿನ ಕಡೆಯಿಂದ ಸುಮ್ನೆ ನಡಕೊಂಡು ಹೋಗ್ರಿ. ತೋಳು ಕೆಳಗ ಎಳಕೊಳ್ರಿ. ಎಲ್ಲೂ ನಿಲ್ಲಬ್ಯಾಡ್ರಿ. ಯಾರ ಮುಖಾನೂ ನೋಡಬ್ಯಾಡ್ರಿ."

ವಿಮಾನ ಇಳಿದ ಮೇಲೆ ಸಾಬರು ಇದನ್ನೆಲ್ಲ ಚಾಚೂ ತಪ್ಪದೆ ಪಾಲಿಸಿದರು, ಗೋಡೆಯ ಮೇಲೆ ಒಂದು ದೊಡ್ಡ ಗಡಿಯಾರ ಕಾಣುವವರೆಗೆ.

ಗಡಿಯಾರ ಕಂಡರೆ ಸಾಬರ ಕಾಲು ತಾನಾಗಿ ನಿಲ್ಲುತ್ತದೆ. ಶಾರ್ಜಾಕ್ಕೂ ನಮಗೂ ಒಂದೂವರೆ ಗಂಟೆ ವ್ಯತ್ಯಾಸ. ತಪ್ಪು ಸಮಯ ತೋರಿಸುವ ವಾಚನ್ನು ಕೈಯಲ್ಲಿಟ್ಟುಕೊಂಡು ಊರಿಗೆ ಕಾಲಿಡುವುದು ಅವರಿಂದಾಗದ ಕೆಲಸ. ಹಸಿರು ಬೋರ್ಡಿನ ಸರಿಯಾಗಿ ಕೆಳಗೆ, ನೂರಾರು ಜನ ಹಾದುಹೋಗುವ ದಾರಿಯ ನಡುವೆ ನಿಂತು, ತೋಳು ಮೇಲೇರಿಸಿ, ವಾಚು ಬಿಚ್ಚಿ, ಚಾವಿ ಎಳೆದು ಮುಳ್ಳು ತಿರುಗಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಸೆಕೆಂಡ್ ಮುಳ್ಳು ಹೊಂದಿಸಬೇಕಲ್ಲ! ಜೇಬಿನಿಂದ ಭೂತಗನ್ನಡಿ ತೆಗೆದು ಕಣ್ಣಿಗೆ ಸಿಕ್ಕಿಸಿದರು. ಕೊನೆಗೆ ವಾಚನ್ನು ಕಿವಿಗೂ ಇಟ್ಟುಕೊಂಡರು. ಇಮ್ರಾನ್ ಮುಂದೆ ಹೋದವನು ತಿರುಗಿ ನೋಡಿ ಹಣೆ ಹಣೆ ಬಡಿದುಕೊಂಡ.

ಬಿಳಿ ಸಮವಸ್ತ್ರದ ಅಧಿಕಾರಿಯೊಬ್ಬರು ಆಗಲೇ ಸಾಬರ ಮುಂದಿದ್ದರು. ಎದೆಯ ಮೇಲಿನ ಪಟ್ಟಿಯಲ್ಲಿ ರೇಖಾ ಎಂದು ಹೆಸರಿತ್ತು. "ಯಜಮಾನ್ರೇ, ವಾಚು ಹೊಸದಾ?"

"ಹೌದ್ರಿ ಮೇಡಮ್. ಮಗಳು ಕೊಟ್ಟಿದ್ದು," ಅಂದರು ಸಾಬರು. ಇಮ್ರಾನ್‌ನ ಮುಖ ಹರಳೆಣ್ಣೆ ಕುಡಿದವರಂತಾಯಿತು.

ಇಬ್ಬರನ್ನೂ ಮೇಜಿನ ಹತ್ತಿರ ಕರೆದುಕೊಂಡು ಹೋದರು. ಪೆಟ್ಟಿಗೆ ತೆರೆಸಿದರು, ಬಿಲ್ಲು ಸಿಕ್ಕಿತು. ರೇಖಾ ಮೇಡಮ್ ಲೆಕ್ಕ ಹಾಕಿದರು. ಐವತ್ತು ಸಾವಿರ ಮಾಫಿ, ಮಿಕ್ಕ ಅರವತ್ತು ಸಾವಿರಕ್ಕೆ ಮೂವತ್ತೆಂಟೂವರೆ ಪರ್ಸೆಂಟು, ಒಟ್ಟು ಇಪ್ಪತ್ಮೂರು ಸಾವಿರದ ನೂರು ರೂಪಾಯಿ. ಸಾಬರ ಬ್ಯಾಂಕಿನಲ್ಲಿ ಆಗ ಇದ್ದದ್ದು ಇಪ್ಪತ್ತಾರು ಸಾವಿರ. ಅಂಗಡಿಗೆ ಹೊಸ ಗಾಜಿನ ಕೌಂಟರ್ ಮಾಡಿಸಲೆಂದು ವರ್ಷಗಟ್ಟಲೆ ಕೂಡಿಟ್ಟದ್ದು.

ಮೇಡಮ್ ಭೂತಗನ್ನಡಿಯನ್ನು ಇನ್ನೂ ಕುತೂಹಲದಿಂದ ನೋಡುತ್ತಿದ್ದರು. "ನೀವು ವಾಚ್ ರಿಪೇರಿಯೋರಾ? ಹಾಗಾದ್ರೆ ನೀವೇ ಹೇಳಿ. ಎಷ್ಟೋ ಜನ ನಕಲಿಗೆ ಅಸಲಿ ದುಡ್ಡು ಕೊಟ್ಟು ಮೋಸ ಹೋಗಿ ಬರ್ತಾರೆ. ಇದು ನಕಲಿ ಅಂತೀರಾದ್ರೆ ಇಲ್ಲೇ ಹಿಂದಿನ ಮುಚ್ಚಳ ಬಿಚ್ಚಿ ತೋರಿಸಿ. ನೋಡಿ, ಬೆಲೆ ಮತ್ತೆ ಕಟ್ಟೋಣ."

ಇಮ್ರಾನ್ ಸಾಬರ ಕಿವಿಗೆ ಬಾಗಿದ. "ಮಾಮು, ನಕಲಿ ಅಂದುಬಿಡ್ರಿ! ಏನಾರ ಒಂದು ಸುಳ್ಳು ಹೇಳ್ರಿ!"

ಪಾಪ, ಅವನಿಗೇನು ಗೊತ್ತು? ನಿಜ ಹೇಳು ಎಂದು ಗೊತ್ತಿಲ್ಲದೇ ಗೋಗರೆಯುತ್ತಿದ್ದ. ಮುಚ್ಚಳ ಬಿಚ್ಚಿದರೆ ಒಳಗಿನ ತಗಡಿನ ಸಾಮಾನು ಅವನ ಕಣ್ಣಿಗೂ ಬೀಳುತ್ತದೆ. ಅವನ ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲುವುದಿಲ್ಲ. ಇವರು ತುಮಕೂರು ದಾಟುವುದರೊಳಗೆ ಶಾರ್ಜಾದಲ್ಲಿ ನುಜತ್ ಕುಸಿದು ಕೂತಿರುತ್ತಾಳೆ. ಒಂದು ಕಡೆ ಕೌಂಟರ್, ಇನ್ನೊಂದು ಕಡೆ ಖೀರು ಮಾಡುತ್ತ ಹಾಡು ಗುನುಗಿದ ಮಗಳು. ಮೂರು ಸಾವಿರದ ಮಾಲಿಗೆ ಇಪ್ಪತ್ಮೂರು ಸಾವಿರ ಸುಂಕ ಕಟ್ಟುವ ವಾಚ್ ರಿಪೇರಿಯವನು ಭೂಮಿಯ ಮೇಲೆ ಇನ್ನೊಬ್ಬನಿರಲಿಕ್ಕಿಲ್ಲ ಅನ್ನಿಸಿ, ಅಂಥ ಹೊತ್ತಿನಲ್ಲೂ ನಗು ಬಂತು.

"ಅಸಲಿ ಐತ್ರಿ ಮೇಡಮ್," ಅಂದರು. "ನಲವತ್ತು ವರ್ಷದ ಕಸುಬು ನಂದು. ಬರ್ಕೊಳ್ರಿ."

ಕಾರ್ಡ್ ಉಜ್ಜಿದರು, ರಸೀದಿ ಪಡೆದರು. ದಾವಣಗೆರೆ ಮುಟ್ಟುವವರೆಗೆ ಇಮ್ರಾನ್ ಇಪ್ಪತ್ಮೂರು ಸಾವಿರದ ಲೆಕ್ಕ ಗೊಣಗುತ್ತಲೇ ಇದ್ದ.

ಊರಲ್ಲಿ ಮಾತ್ರ ಸಾಬರ ಕಿಮ್ಮತ್ತು ಏರಿಬಿಟ್ಟಿತು. ಶಹಜಾದಿ ಆ ರಸೀದಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ವಿನೋಬನಗರದ ಮನೆಗೆ ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಅದನ್ನೇ ಕೊಟ್ಟಳು. ಪಕ್ಕದ ಮಂಡಕ್ಕಿ ಅಂಗಡಿಯ ತೋಟಪ್ಪ ತನ್ನ ಗಿರಾಕಿಗಳಿಗೆ, "ಕಸ್ಟಮ್ಸ್‌ನೋರೇ ನಿಲ್ಲಿಸಿ ನೋಡಿದ ವಾಚಂತ್ರಿ, ಸಾಬ್ರ ಕೈಯಾಗೈತೆ ನೋಡ್ಕೊಂಡು ಬರ್ರಿ," ಎಂದು ಮಿರ್ಚಿ ಕಟ್ಟಿಕೊಡುತ್ತ ಪ್ರಚಾರ ಮಾಡಿದ. ಜನ ಬಂದು ಬಿರುಕು ಕೌಂಟರಿನ ಮೇಲೆ ಮೊಣಕೈ ಊರಿ ಆ ಮಣಿಕಟ್ಟನ್ನೇ ನೋಡಿದರು. ಸಾಬರು ತೋಳು ಕೆಳಗೆಳೆದುಕೊಂಡು, "ಗಾಜು ಒಡೀತೈತಿ, ಸರಕೊಳ್ರಿ," ಎಂದು ಗದರಿದರು.

ವಾಚಿಗೆ ಇದ್ಯಾವುದೂ ತಿಳಿಯದು. ಅದು ದಿನಕ್ಕೆ ಇಪ್ಪತ್ತು ನಿಮಿಷ ಹಿಂದೆ ಬೀಳುತ್ತಿತ್ತು. ದಿನಾ ಬೆಳಿಗ್ಗೆ ಅಂಗಡಿಯ ಬಾಗಿಲು ತೆಗೆಯುವ ಮೊದಲು ಸಾಬರು ಆಚೀಚೆ ನೋಡಿ, ಕಳ್ಳನ ಹಾಗೆ ಮುಳ್ಳು ಸರಿಮಾಡುತ್ತಿದ್ದರು. ರಿಪೇರಿ ಮಾಡಲು ಒಮ್ಮೆ ಬಿಚ್ಚಿಯೂ ನೋಡಿದರು. ಒಳಗೆ ರಿಪೇರಿ ಮಾಡುವಂಥದ್ದು ಏನಿರಬೇಕಿತ್ತೋ ಅದೇ ಇರಲಿಲ್ಲ.

ಒಂದು ತಿಂಗಳು ಕಳೆದ ಮೇಲೆ ಗುರುವಾರ ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ನುಜತ್‌ಳ ಫೋನು ಬಂತು. ದನಿಯಲ್ಲಿ ಸಂಭ್ರಮ. "ಅಬ್ಬಾ, ನೌಮಾನ್‌ಗೆ ಹೆಣ್ಣು ಗೊತ್ತಾತಂತ. ಮದುಮಗನಿಗೆ ಅಂತ ಅದೇ ಅಂಗಡಿಯಾಗ ಅಂಥದ್ದೇ ವಾಚು ಹೇಳೀನಿ. ನಮ್ಮ ಮಾಲಕರ ಹತ್ರ ಸಾಲ ಕೇಳೀನಿ, ನಾಳೆ ಹೋಗಿ ದುಡ್ಡು ಕೊಟ್ಟು ತರ್ತೀನಿ. ಅಂಗಡಿಯವರು ಹಳೇ ಗಿರಾಕಿ ಅಂತ ಇನ್ನೂರು ದಿರ್ಹಮ್ ಕಡಿಮೆ ಮಾಡ್ಯಾರ."

ಸಾಬರ ಕೈಯಲ್ಲಿದ್ದ ಚಿಮಟ ಕೆಳಗೆ ಬಿತ್ತು. ಹಳೇ ಗಿರಾಕಿಯಂತೆ! "ಬ್ಯಾಡ ಬೇಟಾ, ಸುಂಕ ಭಾಳ ಐತೆ. ನೋಡಿದಿಯಲ್ಲ, ನಂದೇ ಎಷ್ಟಾತು."

"ಕಟ್ಟಿದ್ರಾತು. ಇಮ್ರಾನ್ ಎಲ್ಲಾ ಹೇಳ್ಯಾರ. ತಪ್ಪಿಸ್ಕೊಳ್ಳಾಕ ದಾರಿ ಇದ್ರೂ ನೀವು ಅಸಲಿ ಅಂತ ಹೇಳಿ ಕಟ್ಟಿದ್ರಂತ. ನಾನು ನಿಮ್ಮ ಮಗಳಲ್ಲೇನು?"

"ಮದುಮಗನಿಗೆ ಒಂದು ಶೇರ್ವಾನಿ ಹೊಲಿದುಕೊಡು. ನಿನ್ನ ಕೈಕೆಲಸ, ಚಂದ ಇರ್ತೈತಿ."

"ಅಬ್ಬಾ, ಯಾಕ ಹಿಂಗಂತೀರಿ? ನಿಮಗೆ ಕೊಟ್ಟಂಗೆ ಇನ್ನೊಬ್ಬರಿಗೆ ಕೊಡಬಾರ್ದಾ?"

ಸಾಬರು ಸ್ಟೂಲಿನಿಂದೆದ್ದು ಮತ್ತೆ ಕೂತರು. ಸುಮ್ಮನಿದ್ದರೆ ನಾಳೆ ಅವಳ ಮುಂದಿನ ಎರಡು ವರ್ಷದ ದುಡಿಮೆ ಆ ಕಳ್ಳನ ಗಲ್ಲಾಪೆಟ್ಟಿಗೆಗೆ ಹೋಗುತ್ತದೆ. ಹೇಳಿದರೆ ಮೊದಲಿನ ಸಂತೋಷವೂ ಉಳಿಯುವುದಿಲ್ಲ. ತೋಟಪ್ಪನ ಕಡೆ ಬೆನ್ನು ಮಾಡಿ, ದನಿ ಇಳಿಸಿ, "ನುಜತ್, ಆ ವಾಚು ನಕಲಿ ಬೇಟಾ," ಅಂದರು. "ನೀ ನನ್ನ ಕೈಗಿಟ್ಟ ದಿನಾನೇ ಗೊತ್ತಾತು. ಆ ಅಂಗಡಿಗೆ ಹೋಗಬ್ಯಾಡ."

ಆ ಕಡೆ ನುಜತ್ ತನ್ನ ಹೊಲಿಗೆ ಮಷಿನ್ ನಿಲ್ಲಿಸಿದಳು.

"ಮತ್ತ ಕಸ್ಟಮ್ಸ್‌ನಾಗ ಯಾಕ ಹೇಳ್ಲಿಲ್ಲ? ಅಷ್ಟು ದುಡ್ಡು ಯಾಕ ಕಟ್ಟಿದ್ರಿ ಅಬ್ಬಾ?" ದನಿ ಅಳುವಿನ ಅಂಚಿಗೆ ಬಂದಿತ್ತು.

"ಎರಡು ವರ್ಷ ಕಣ್ಣು ಕಿತ್ತು ಹೊಲಿದು ನನಗಂತ ಕೂಡಿಸಿದ್ದಿ. ಅದನ್ನ ಹಿಡ್ಕೊಂಡು, ಗುರ್ತಿಲ್ಲದ ಮಂದಿ ಮುಂದೆ ಮೂರು ಸಾವಿರದ್ದು ಅಂತ ಹೇಳಾಕ ನನಗ ಬಾಯಿ ಬರಲಿಲ್ಲವ್ವ."

ನುಜತ್ ಅತ್ತಳು. ಸಾಬರು ಅಳಲು ಬಿಟ್ಟರು, ತಾವೂ ಕಣ್ಣು ಒರೆಸಿಕೊಂಡರು. ಅಳು ಮುಗಿಸಿ ಅವಳು ಮೂಗು ಸುರಿಸುತ್ತಲೇ, ನಾಳೆ ಆ ಅಂಗಡಿಗೆ ಖಂಡಿತ ಹೋಗುತ್ತೇನೆ, ವಾಚು ತರಲಿಕ್ಕಲ್ಲ, ಬಿಲ್ಲಿನ ಫೋಟೋ ಹಿಡಿದು ಅವನ ಗಡ್ಡ ಕೀಳಲಿಕ್ಕೆ ಎಂದಳು. ಆ ಮಾತಿನ ವರಸೆ ಕೇಳಿ, ಮಗಳು ಎಲ್ಲ ರೀತಿಯಿಂದಲೂ ತಮ್ಮವಳೇ ಎಂದು ಸಾಬರಿಗೆ ಸಮಾಧಾನವಾಯಿತು.

"ನೀವು ಮೊದಲು ಆ ದರಿದ್ರ ವಾಚು ಬಿಚ್ಚಿ ಬಿಸಾಡ್ರಿ," ಅಂದಳು.

"ಬಿಸಾಡಂಗಿಲ್ಲ. ಅದಕ್ಕ ನಾನು ಸುಂಕ ಕಟ್ಟೀನಿ," ಅಂದರು ಸಾಬರು.